ಕಾಲುವೆಯ ನೀರು ಮತ್ತು ಉದ್ದರಿ ಖಾತೆ: ತುರ್ವಿಹಾಳ ಪರಿಸರದಲ್ಲಿ ಕೊಳ್ಳುವಿಕೆ ಹಾಗೂ ದುಡಿಮೆಯ ಸ್ವರೂಪ

ಗ್ರಾಹಕನು ಒಂದು ವಸ್ತುವನ್ನು ಕೊಳ್ಳಲು ಏಕೆ ನಿರ್ಧರಿಸುತ್ತಾನೆ, ನೌಕರನು ತನ್ನ ಕೆಲಸವನ್ನು ಏಕೆ ಮನಸ್ಸಿಟ್ಟು ಮಾಡುತ್ತಾನೆ ಎಂಬ ಪ್ರಶ್ನೆಗಳನ್ನು ವಾಣಿಜ್ಯಶಾಸ್ತ್ರದ ಗ್ರಂಥಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಚರ್ಚಿಸುತ್ತವೆ. ಮೊದಲನೆಯದಕ್ಕೆ ಜಾನ್ ಹೊವಾರ್ಡ್ ಮತ್ತು ಜಗದೀಶ್ ಶೇಠ್ ಅವರು 1969ರಲ್ಲಿ ಮಂಡಿಸಿದ ಕೊಳ್ಳುಗರ ವರ್ತನೆಯ ಸಿದ್ಧಾಂತವನ್ನೂ, ಎರಡನೆಯದಕ್ಕೆ ವಿಕ್ಟರ್ ವ್ರೂಮ್ ಅವರು 1964ರಲ್ಲಿ ಪ್ರತಿಪಾದಿಸಿದ ನಿರೀಕ್ಷಾ ಸಿದ್ಧಾಂತವನ್ನೂ ಉಲ್ಲೇಖಿಸುವುದು ವಾಡಿಕೆ. ಬೆಲೆ, ಗುಣಮಟ್ಟ, ಜಾಹೀರಾತು, ಮನೆಯವರ ಅಭಿಪ್ರಾಯ ಮೊದಲಾದ ಅಂಶಗಳು ಎಲ್ಲ ಊರುಗಳಿಗೂ ಅನ್ವಯಿಸುವಂತಹವೇ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ತುರ್ವಿಹಾಳದಂತಹ ನೀರಾವರಿ ಪ್ರದೇಶದ ಊರಿನಲ್ಲಿ ಇವೆಲ್ಲಕ್ಕಿಂತ ಮೊದಲು ಬರುವ ಸಂಗತಿಯೊಂದಿದೆ. ಅದು ಕೈಗೆ ಹಣ ಬರುವ ಕಾಲ. ಈ ಕಾಲವನ್ನು ನಿರ್ಧರಿಸುವುದು ಕಾಲುವೆ. ಅಲ್ಲಿಯವರೆಗಿನ ಅಂತರವನ್ನು ತುಂಬುವುದು ಉದ್ದರಿ ಖಾತೆ.

ಹೊಸಪೇಟೆಯ ಬಳಿ 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿ.ಮೀ. ಸಾಗುವ ಎಡದಂಡೆ ಮುಖ್ಯ ಕಾಲುವೆಯು ಜೋಳ, ಹತ್ತಿಗಳ ಎರೆಭೂಮಿಗೆ ಹಿತಮಿತವಾದ ನೀರನ್ನು ಒದಗಿಸಬೇಕೆಂಬುದು ಮೂಲ ಯೋಜನೆ. ಭತ್ತಕ್ಕೆ ಅದರಲ್ಲಿ ಸೀಮಿತ ಸ್ಥಾನವಿತ್ತು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ಬೇಸಾಯವನ್ನು ವಿಸ್ತರಿಸಿದರು. ಸ್ಥಳೀಯರೂ ಅದನ್ನೇ ಅನುಸರಿಸಿದರು. ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ವರ್ಷವಿಡೀ ಉಣ್ಣುತ್ತಿದ್ದ ಕುಟುಂಬವು ಬೆಳೆದುದನ್ನೆಲ್ಲ ಮಾರಿ, ಬೇಕಾದುದನ್ನೆಲ್ಲ ಕೊಳ್ಳುವ ಕುಟುಂಬವಾಯಿತು. ಈ ಭಾಗದಲ್ಲಿ ಆಧುನಿಕ ಅರ್ಥದ ಗ್ರಾಹಕನು ಹುಟ್ಟಿದ್ದು ಹೀಗೆ ಎಂದರೆ ತಪ್ಪಾಗಲಾರದು.

ಭತ್ತಕ್ಕೆ ನಾಟಿಯ ಮೊದಲೇ ವೆಚ್ಚ ತಗಲುತ್ತದೆ. ಆದಾಯವು ಕೊಯ್ಲಿನ ನಂತರ ಒಮ್ಮೆಗೇ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಬೀಜ, ಗೊಬ್ಬರ, ಔಷಧಗಳಷ್ಟೇ ಅಲ್ಲ, ಕಿರಾಣಿ, ಬಟ್ಟೆಗಳೂ ಖಾತೆಯ ಮೇಲೆ ಬರುತ್ತವೆ. ಆದಕಾರಣ ರೈತನು ಗೊಬ್ಬರದಂಗಡಿಯನ್ನು ಆರಿಸಿಕೊಳ್ಳುವಾಗ ಚೀಲದ ಬೆಲೆಯನ್ನು ಮಾತ್ರ ನೋಡುವುದಿಲ್ಲ. ಸುಗ್ಗಿಯವರೆಗೆ ತಡೆಯುವವರು ಯಾರು, ಮನೆಯಲ್ಲಿ ಆಸ್ಪತ್ರೆಯ ಖರ್ಚು ಬಂದರೆ ಮತ್ತಷ್ಟು ಕೊಡುವವರು ಯಾರು ಎಂಬುದನ್ನು ತೂಗಿ ನೋಡುತ್ತಾನೆ. ಸಾಲ ಕೊಟ್ಟವರು ಯಾವ ಕಂಪನಿಯ ಔಷಧವನ್ನು ಕೊಟ್ಟರೋ ಅದೇ ಹೊಲಕ್ಕೆ ಹೋಗುತ್ತದೆ. ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಇದು ‘ಬ್ರಾಂಡ್ ನಿಷ್ಠೆ’ ಎಂದು ದಾಖಲಾಗುವ ಸಂಭವವುಂಟು. ವಾಸ್ತವದಲ್ಲಿ ಅದು ನಿಷ್ಠೆಯಲ್ಲ, ಋಣ.

ಸಾಲ ಕೊಟ್ಟವರು ಅಡತಿ ಅಂಗಡಿಯವರೂ ಆಗಿದ್ದರೆ ಬೆಳೆದ ಭತ್ತವು ಅಲ್ಲಿಗೇ ಹೋಗುತ್ತದೆ. ಪಟ್ಟಿಯಲ್ಲಿ ಅಸಲು, ಬಡ್ಡಿಗಳನ್ನು ಮುರಿದುಕೊಂಡು ಉಳಿದುದೇ ರೈತನ ನಿಜವಾದ ಕೊಳ್ಳುವ ಶಕ್ತಿ. ಚಿನ್ನ, ಬೈಕು, ಮದುವೆಯ ಜವಳಿ ಎಲ್ಲವೂ ಈ ಉಳಿಕೆಯನ್ನು ಕಾಯುತ್ತವೆ. ಸಿಂಧನೂರಿನ ಟ್ರ್ಯಾಕ್ಟರ್ ಮಳಿಗೆಗಳನ್ನು ಕಂಡು ಬೆರಗಾಗುವ ಹೊರಗಿನವರು ಅವುಗಳ ಹಿಂದಿರುವ ಕಂತುಗಳನ್ನು ಕಾಣುವುದು ಕಡಿಮೆ.

ಈ ವ್ಯವಸ್ಥೆಯಲ್ಲಿ ರೈತನು ಕಳೆದುಕೊಳ್ಳುವುದು ಬಡ್ಡಿಯನ್ನಷ್ಟೇ ಅಲ್ಲ. ಬೀಜವನ್ನು ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ 2012ರ ಜನವರಿಯಲ್ಲಿ ತೀರ್ಪು ನೀಡಿದೆ. ಆ ಪ್ರಕರಣವು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಡೆದಿತ್ತು. ಅದರ ಸ್ಥಾನದಲ್ಲಿ ಈಗ 2019ರ ಕಾಯ್ದೆಯಿದೆ. ಆದರೆ ಕಳಪೆ ಬೀಜದ ವಿರುದ್ಧ ದೂರು ಕೊಡಲು ರಸೀದಿ ಬೇಕು, ಚೀಲದ ಮೇಲಿನ ತಂಡದ ಸಂಖ್ಯೆ ಬೇಕು. ಅಂಗಡಿಯ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದ ಮೊತ್ತವನ್ನು ಬಿಟ್ಟು ಬೇರೇನೂ ಇಲ್ಲದ ರೈತನಿಗೆ ತೀರ್ಪಿನ ಪ್ರಯೋಜನ ದೊರೆಯುವುದು ಕಷ್ಟ. ದಾಖಲೆಯಿದ್ದರೂ ಮುಂದಿನ ಬೆಳೆಗೆ ಸಾಲ ಕೊಡಬೇಕಾದವರ ಮೇಲೆ ದೂರು ಹೂಡುವ ಧೈರ್ಯ ಎಷ್ಟು ಜನರಿಗಿದ್ದೀತು?

ದುಡಿಯುವವರ ವಿಚಾರವೂ ಇದೇ ಖಾತೆಯ ಇನ್ನೊಂದು ಪುಟ. ಪ್ರಯತ್ನಕ್ಕೆ ತಕ್ಕ ಫಲಿತಾಂಶ, ಫಲಿತಾಂಶಕ್ಕೆ ತಕ್ಕ ಪ್ರತಿಫಲ ದೊರೆಯುವುದೆಂಬ ನಂಬಿಕೆಯಿದ್ದಾಗ ಕೆಲಸದ ಉತ್ಸಾಹ ಹೆಚ್ಚುತ್ತದೆ ಎಂಬುದು ವ್ರೂಮ್ ಅವರ ವಾದದ ಸಾರ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರಲ್ಲಿ ಇದು ನೇರವಾಗಿ ಕಾಣುತ್ತದೆ. ಎಕರೆಗೆ ಇಂತಿಷ್ಟೆಂದು ಗುತ್ತಿಗೆ ಹಿಡಿದು ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪುಗಳಲ್ಲಿಯೂ ವೇಗ ಹೆಚ್ಚುತ್ತದೆ. ಆದರೆ ಸಸಿಗಳ ನಡುವಿನ ಅಂತರ ಹಿಗ್ಗುತ್ತದೆಂದು ರೈತನು ಬದುವಿನ ಮೇಲೆ ನಿಂತು ನೋಡುತ್ತಾನೆ. ಅಳೆಯಲು ಬರುವ ಕೆಲಸವಷ್ಟೇ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನೆರೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯೊಡನೆ ಹೋಲಿಸಿದರೆ ವ್ಯತ್ಯಾಸವು ಎದ್ದು ಕಾಣುತ್ತದೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಆರಂಭವಾಗಿ, ಮುಂದೆ ರಾಜ್ಯ ಸರ್ಕಾರದ ಉದ್ಯಮವಾದ ಹಟ್ಟಿ ಚಿನ್ನದ ಗಣಿಯ ಕಾಯಂ ಕಾರ್ಮಿಕನಿಗೆ ತಿಂಗಳ ಸಂಬಳವುಂಟು. ಅಂತಹವನಿಗೆ ಸಾಲ ಕೊಡುವವರು ಸಂಬಳದ ಚೀಟಿಯನ್ನು ನೋಡುತ್ತಾರೆ. ತುರ್ವಿಹಾಳದಲ್ಲಿ ಕಾಲುವೆಯನ್ನು ನೋಡುತ್ತಾರೆ.

ಕಾಲುವೆಯನ್ನು ನೋಡಿ ಲೆಕ್ಕ ಹಾಕಬೇಕಾದವರಲ್ಲಿ ಅಂಗಡಿಯ ಗುಮಾಸ್ತನೂ ಒಬ್ಬ. ಅವನ ಕಾರ್ಯಕ್ಷಮತೆಯನ್ನು ಮಾರಾಟದಿಂದ ಅಳೆಯುವುದಿಲ್ಲ, ವಸೂಲಿಯಿಂದ ಅಳೆಯುತ್ತಾರೆ. ಬಹುಪಾಲು ಅವನೂ ಅದೇ ಸೀಮೆಯವನು. ಯಾರ ಮನೆಯಲ್ಲಿ ಮದುವೆಯಿದೆ, ಯಾರ ಹೊಲ ಕಾಲುವೆಯ ಕೊನೆಯಂಚಿನಲ್ಲಿದೆ ಎಂಬುದನ್ನು ಬಲ್ಲವನು. ಈ ತಿಳಿವಳಿಕೆಗಾಗಿಯೇ ಅವನಿಗೆ ಕೆಲಸ ದೊರೆತಿರುತ್ತದೆ. ನೆರೆಹೊರೆಯವರ ಬಾಗಿಲಿಗೆ ಹೋಗಿ ಬಾಕಿ ಕೇಳುವಾಗ ಇದೇ ಅವನಿಗೆ ಭಾರವೂ ಆಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಲು ಸುಮಾರು ಒಂದು ವಾರ ಹಿಡಿಯಿತು. ಅಂತಹ ವಾರದಲ್ಲಿ ಎರಡನೆಯ ಬೆಳೆಗೆ ನೀರುಂಟೇ ಎಂಬ ಪ್ರಶ್ನೆಯು ಹೊಲಕ್ಕೆ ಎಷ್ಟು ಸಂಬಂಧಿಸಿದ್ದೋ ಗುಮಾಸ್ತನ ಕೈಯಲ್ಲಿರುವ ಬಾಕಿಯ ಪಟ್ಟಿಗೂ ಅಷ್ಟೇ ಸಂಬಂಧಿಸಿದ್ದು.