ಎಣ್ಣೆ, ಹುಳಿ, ಹಸಿರು

1923ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಲೇಸ್ ಹೋಟೆಲಿನಲ್ಲಿ ಬ್ರಿಟನ್ನಿನ ನಟ ಜಾರ್ಜ್ ಆರ್ಲಿಸ್ ಅವರಿಗೊಂದು ಔತಣ ನಡೆಯಿತು. ಹಿಮಾಲಯದ ಕಾಲ್ಪನಿಕ ಸಂಸ್ಥಾನವೊಂದರ ರಾಜನಾಗಿ ಅವರು ರಂಗದ ಮೇಲೆ ಮೆರೆಯುತ್ತಿದ್ದ ಕಾಲ ಅದು. ನಾಟಕದ ಹೆಸರು ‘ದಿ ಗ್ರೀನ್ ಗಾಡೆಸ್’. ಆ ಔತಣಕ್ಕೆಂದು ಬಾಣಸಿಗ ಫಿಲಿಪ್ ರೋಮರ್ ಹಸಿರು ಬಣ್ಣದ ಸಲಾಡ್ ಡ್ರೆಸಿಂಗ್ ಒಂದನ್ನು ಮಾಡಿ, ಅದಕ್ಕೂ ನಾಟಕದ ಹೆಸರನ್ನೇ ಇಟ್ಟರು ಎಂಬುದು ಹೋಟೆಲಿನವರು ಹೇಳಿಕೊಂಡು ಬಂದಿರುವ ಕಥೆ. ಮೇಯನೇಸ್‌ಗೆ ಪಾರ್ಸ್ಲಿ, ಟ್ಯಾರಗಾನ್, ಚೈವ್ಸ್, ಈರುಳ್ಳಿ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಚ್ಚಿದ ಆಂಚೊವಿ ಮೀನು ಬೆರೆಸಿದ್ದ ಡ್ರೆಸಿಂಗ್ ಅದು. ನಾಟಕವನ್ನು ಇಂದು ನೆನೆಯುವವರು ಕಡಿಮೆ. ಡ್ರೆಸಿಂಗ್ ಮಾತ್ರ ಅಮೆರಿಕದ ಅಂಗಡಿಗಳಲ್ಲಿ ಈಗಲೂ ಬಾಟಲಿ ಬಾಟಲಿಯಾಗಿ ಮಾರಾಟವಾಗುತ್ತದೆ.

ಬಾಟಲಿಯಲ್ಲಿ ಸಿಗದಿರುವುದು ಆಗಷ್ಟೇ ಹೆಚ್ಚಿದ ಸೊಪ್ಪಿನ ಘಮ. ಎಲೆಯ ಪರಿಮಳವೆಲ್ಲ ಬೇಗ ಆವಿಯಾಗುವ ಎಣ್ಣೆಯಂಶಗಳಲ್ಲಿರುವುದರಿಂದ ಅದಕ್ಕೆ ಮನೆಯ ಅಡುಗೆಮನೆಯೇ ಸರಿ. ಬೇಕಾದ ಸಾಮಾನೂ ಹೆಚ್ಚಿಲ್ಲ: ಎಣ್ಣೆ, ಹುಳಿ, ಉಪ್ಪು, ಸೊಪ್ಪು. ಕೆಲಸ ಕೆಡಿಸುವುದು ಹೆಚ್ಚಾಗಿ ನೀರು.

ಎಣ್ಣೆಗೂ ನಿಂಬೆರಸಕ್ಕೂ ಹೊಂದಿಕೆಯಿಲ್ಲ. ಎಷ್ಟು ಕದಡಿದರೂ ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಮೇಲೆ, ರಸ ಕೆಳಗೆ. ಇವೆರಡನ್ನೂ ಹಿಡಿದಿಡಲು ಫ್ರೆಂಚ್ ಅಡುಗೆಯವರು ಬಳಸುವುದು ಅರೆದ ಸಾಸಿವೆ. ಕಾಳಿನ ಸಿಪ್ಪೆಯಲ್ಲಿರುವ ಲೋಳೆಯಂಥ ಪದಾರ್ಥ ಎಣ್ಣೆಯ ಸಣ್ಣ ಹನಿಗಳು ಮತ್ತೆ ಒಂದಾಗದಂತೆ ತಡೆಯುತ್ತದೆ. ಒಗ್ಗರಣೆಯಲ್ಲಿ ಸಿಡಿದ ಇಡೀ ಸಾಸಿವೆಯಿಂದ ಈ ಕೆಲಸ ಆಗದು, ಅರೆಯಲೇಬೇಕು. ಅರ್ಧ ಚಮಚ ಸಾಸಿವೆಯನ್ನು ಪುಡಿ ಮಾಡಿ, ತಣ್ಣೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಅದರ ಘಾಟು ಪೂರ್ತಿ ಏಳುತ್ತದೆ. ಹುಳಿ ಬಿದ್ದ ಮೇಲೆ ಘಾಟು ಹೆಚ್ಚುವುದು ನಿಧಾನವಾಗುವುದರಿಂದ ನಿಂಬೆರಸ ಆಮೇಲೆ ಸೇರಬೇಕು.

ಅಳತೆಯ ಹಳೆಯ ಲೆಕ್ಕ ಮೂರಕ್ಕೆ ಒಂದು: 3 ದೊಡ್ಡ ಚಮಚ ಎಣ್ಣೆಗೆ 1 ದೊಡ್ಡ ಚಮಚ ನಿಂಬೆರಸ ಇಲ್ಲವೆ ವಿನೆಗರ್. ಹುಳಿ ಪ್ರಿಯರು ಎರಡಕ್ಕೆ ಒಂದು ಮಾಡಿಕೊಳ್ಳಬಹುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಮೊದಲು ನಿಂಬೆರಸದಲ್ಲಿ ಉಪ್ಪನ್ನು ಕರಗಿಸಿ, ಸಾಸಿವೆ ಕದಡಿ, ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಕಡೆಯಬೇಕು. ಅಷ್ಟು ತಾಳ್ಮೆಯಿಲ್ಲದವರು ಎಲ್ಲವನ್ನೂ ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿದರೂ ಆಯಿತು. ಆಲಿವ್ ಎಣ್ಣೆಯೇ ಆಗಬೇಕೆಂದಿಲ್ಲ, ಕಡಲೆಕಾಯಿ ಎಣ್ಣೆಯೂ ಚೆನ್ನಾಗಿಯೇ ಹೊಂದುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಅದು ಗಟ್ಟಿಯಾಗಿ, ಸೌತೆಕಾಯಿಗೆ ಮೇಣ ಮೆತ್ತಿದಂತೆ ಕೂರುತ್ತದೆ.

ಇನ್ನು ಸೊಪ್ಪು. ಕೊತ್ತಂಬರಿ, ಪುದೀನ, ಸಬ್ಬಸಿಗೆ, ಕಾಮಕಸ್ತೂರಿಗಳಂಥ ಮೆದು ಎಲೆಗಳು ಹಸಿಯಾಗಿಯೇ ಹೋಗುತ್ತವೆ. ದೊಡ್ಡಪತ್ರೆಯ ಪರಿಮಳಕ್ಕೂ ಪಿಜ್ಜಾದ ಮೇಲೆ ಉದುರಿಸುವ ಒರೆಗಾನೊ ಪರಿಮಳಕ್ಕೂ ನಂಟಿದೆ. ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳು ಎರಡರಲ್ಲೂ ಇವೆ. ಬಲು ಖಡಕ್ಕಾದ ಎಲೆಯಾದ್ದರಿಂದ ಒಂದು ಬಟ್ಟಲಿಗೆ ಎರಡೇ ಎರಡು ಸಾಕು. ಕರಿಬೇವು ಹಸಿಯಾಗಿ ನಾಲಿಗೆಗೆ ಒರಟು. ಬೆಚ್ಚಗಿನ ಎಣ್ಣೆಯಲ್ಲಿ ಬಾಡಿಸಿ, ಸೋಸಿ, ಆರಿದ ಆ ಎಣ್ಣೆಯನ್ನೇ ಆಗಲೇ ಡ್ರೆಸಿಂಗ್‌ಗೆ ಬಳಸಿದರೆ ಘಮ ಸಿಗುತ್ತದೆ, ಒರಟು ಸೋಸಿದ ಎಲೆಯಲ್ಲೇ ಉಳಿಯುತ್ತದೆ.

ತೊಳೆದ ಸೊಪ್ಪನ್ನು ಹತ್ತಿ ಬಟ್ಟೆಯ ಮೇಲೆ ಹರವಿ, ಹನಿ ನೀರಿಲ್ಲದಂತೆ ಆರಿಸಬೇಕು. ಒದ್ದೆ ಎಲೆಗೆ ಎಣ್ಣೆ ಅಂಟುವುದಿಲ್ಲ, ಡ್ರೆಸಿಂಗ್ ಜಾರಿ ಬಟ್ಟಲಿನ ತಳ ಸೇರುತ್ತದೆ. ಚಾಕು ಹರಿತವಾಗಿರಲಿ. ಮೊಂಡು ಚಾಕುವಿನಲ್ಲಿ ಎಲೆ ಜಜ್ಜಿಹೋಗುತ್ತದೆ. ಒಡೆದ ಜೀವಕೋಶಗಳ ಕಿಣ್ವಗಳಿಗೆ ಗಾಳಿ ತಾಗಿ ಪುದೀನ, ಕಾಮಕಸ್ತೂರಿಗಳ ಅಂಚು ಕಪ್ಪಾಗುತ್ತದೆ. ಹುಳಿಯೂ ಹಸಿರಿಗೆ ಶತ್ರುವೇ. ಎಲೆಯ ಪತ್ರಹರಿತಿನಲ್ಲಿರುವ ಮೆಗ್ನೀಸಿಯಂ ಅನ್ನು ಆಮ್ಲ ಹೊರದೂಡುತ್ತದೆ, ಬಣ್ಣ ಕಂದು ಹಸಿರಿಗೆ ತಿರುಗುತ್ತದೆ. ನಿಂಬೆ ಹಿಂಡಿದ ಕೊತ್ತಂಬರಿ ಚಟ್ನಿ ಮರುದಿನ ಮಂಕಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಸೊಪ್ಪು ಬೀಳಬೇಕಾದದ್ದು ಎಲ್ಲಕ್ಕಿಂತ ಕೊನೆಗೆ.

ಆರ್ಲಿಸ್ ಔತಣದ ಡ್ರೆಸಿಂಗನ್ನು ಮೊಟ್ಟೆ, ಮೀನು ಇಲ್ಲದೆಯೂ ಮಾಡಬಹುದು. ಅರ್ಧ ಬಟ್ಟಲು ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕಿ ನೀರಿಳಿಸಿ. ಹಿಡಿ ಕೊತ್ತಂಬರಿ, ಹತ್ತು ಪುದೀನ ಎಲೆ, 1 ದೊಡ್ಡ ಚಮಚ ಸಬ್ಬಸಿಗೆ, ಚೂರು ಹಸಿಮೆಣಸಿನಕಾಯಿ, 2 ದೊಡ್ಡ ಚಮಚ ಎಣ್ಣೆ, ಉಪ್ಪು ಇಷ್ಟನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಮೊಸರಿಗೆ ಬೆರೆಸಿ. ಬಡಿಸುವ ಮುನ್ನ ನಾಲ್ಕು ಹನಿ ನಿಂಬೆರಸ.

ತೂಕ ಇಳಿಸುವ ಹಟದಲ್ಲಿ ಎಣ್ಣೆಯನ್ನೇ ಬಿಡುವವರಿಗೆ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಗಮನಿಸುವಂಥದ್ದು. ಪಾಲಕ್, ಲೆಟ್ಯೂಸ್, ಟೊಮೆಟೊ, ಕ್ಯಾರೆಟ್ ಸಲಾಡನ್ನು ಕೊಬ್ಬಿಲ್ಲದ ಡ್ರೆಸಿಂಗ್ ಜೊತೆ ತಿಂದಾಗ ಅದರಲ್ಲಿದ್ದ ಕೆರೋಟಿನಾಯ್ಡ್‌ಗಳು ದೇಹಕ್ಕೆ ಸೇರಿದ್ದು ನಗಣ್ಯ. ಎಣ್ಣೆಯಿದ್ದ ಡ್ರೆಸಿಂಗ್ ಜೊತೆ ತಿಂದಾಗ ಚೆನ್ನಾಗಿ ಸೇರಿದವು. ಈ ಪೋಷಕಾಂಶಗಳು ಕರಗುವುದು ಕೊಬ್ಬಿನಲ್ಲಿ ಎಂಬುದೇ ಕಾರಣ. ಆ ಅಧ್ಯಯನದಲ್ಲಿ ಭಾಗವಹಿಸಿದವರು ಬೆರಳೆಣಿಕೆಯ ಮಂದಿ. ಆದರೂ ಸಲಾಡಿಗೆ ಒಂದೆರಡು ಚಮಚ ಎಣ್ಣೆ ಹಾಕಲು ಅಂಜಬೇಕಿಲ್ಲ.

ಡ್ರೆಸಿಂಗ್ ಬೆರೆಸುವ ಹೊತ್ತಿನ ವಿಷಯದಲ್ಲಿ ಕೋಸಂಬರಿ ಮಾಡುವವರಿಗೆ ಹೊಸ ಪಾಠ ಬೇಕಿಲ್ಲ. ರಾಮನವಮಿಯ ದಿನ ಹೆಸರುಬೇಳೆ, ಸೌತೆಕಾಯಿ ಕಲಸಿಟ್ಟು, ಎಲೆಗೆ ಬಡಿಸುವ ಮುಂಚೆಯಷ್ಟೇ ಉಪ್ಪು ಹಾಕುವ ರೂಢಿ ಮನೆಮನೆಯಲ್ಲೂ ಇದೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುತ್ತದೆ, ಉಪ್ಪಿರುವ ಡ್ರೆಸಿಂಗೂ ಅದನ್ನೇ ಮಾಡುತ್ತದೆ.

ಉಳಿದದ್ದನ್ನು ಇಡುವಾಗ ಎಚ್ಚರ ಬೇಕು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ರೆಸ್ಟೊರೆಂಟಿನಲ್ಲಿ ಉಂಡ ಹತ್ತಾರು ಜನ ಬಾಟುಲಿಸಂ ಎಂಬ ವಿಷಬಾಧೆಗೆ ತುತ್ತಾದರು. ಮೂಲ ಹುಡುಕಿದಾಗ ಸಿಕ್ಕಿದ್ದು, ಎಣ್ಣೆಯಲ್ಲಿ ನೆನೆಸಿ ಫ್ರಿಜ್ಜಿನ ಹೊರಗಿಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿ. ಈ ವಿಷವನ್ನು ಉಂಟುಮಾಡುವ, ಮಣ್ಣಿನಿಂದ ಬರುವ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ ಜಾಗ, ತುಸು ತೇವ, ಕಡಿಮೆ ಹುಳಿ ಸಿಕ್ಕರೆ ಸಾಕು. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪು ಮೂರನ್ನೂ ಒದಗಿಸುತ್ತವೆ. ಬಣ್ಣ, ವಾಸನೆ ಕೆಡದೆಯೂ ವಿಷ ಇರಬಹುದು. ಹಾಗಾಗಿ ಹಸಿ ಸೊಪ್ಪಿನ ಡ್ರೆಸಿಂಗ್ ಫ್ರಿಜ್ಜಿನಲ್ಲೇ ಇರಲಿ, 3-4 ದಿನದೊಳಗೆ ಮುಗಿಯಲಿ. ಸೊಪ್ಪು ಅಗ್ಗವಾದ ದಿನಗಳಲ್ಲಿ ಹೆಚ್ಚು ಕೊಂಡವರು ಅದನ್ನು ಎಣ್ಣೆಯೊಂದಿಗೆ ರುಬ್ಬಿ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಫ್ರೀಜರ್‌ನಲ್ಲಿಡಬಹುದು. ಬೇಕಾದಾಗ ಒಂದು ಬಿಲ್ಲೆ ಕರಗಿಸಿ, ನಿಂಬೆ ಹಿಂಡಿದರೆ ಒಬ್ಬರ ಸಲಾಡಿಗೆ ಸಾಕಾಗುತ್ತದೆ.