ಮಾದರಿ ರೈಲಿನ ಲಗಾಮು: ಅನಲಾಗ್ ಮತ್ತು ಡಿಜಿಟಲ್

ಮಾದರಿ ರೈಲಿನಲ್ಲಿ ಹಳಿಗೆ ಎರಡು ಕೆಲಸ. ಚಕ್ರಗಳಿಗೆ ದಾರಿಯಾಗುವುದು ಒಂದು, ಎಂಜಿನ್ನಿನೊಳಗಿನ ಪುಟ್ಟ ಮೋಟರಿಗೆ ಕರೆಂಟು ಮುಟ್ಟಿಸುವುದು ಇನ್ನೊಂದು. ಬಹಳ ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಂಜಿನ್ನು, ಬೋಗಿಗಳೆಲ್ಲ ನಿಜವಾದ ರೈಲಿನ 87ನೇ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಒಂದು ಹಳಿಯಿಂದ ಚಕ್ರದ ಮೂಲಕ ಮೇಲೇರಿದ ವಿದ್ಯುತ್ತು ಮೋಟರನ್ನು ತಿರುಗಿಸಿ, ಎದುರು ಬದಿಯ ಚಕ್ರದಿಂದ ಇನ್ನೊಂದು ಹಳಿಗೆ ಇಳಿಯುತ್ತದೆ. ಇಲ್ಲಿಯವರೆಗೆ ಅನಲಾಗ್ ಮತ್ತು ಡಿಜಿಟಲ್ ಪದ್ಧತಿಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ವೇಗ ಎಷ್ಟು, ದಿಕ್ಕು ಯಾವುದು ಎಂಬುದು ಎಲ್ಲಿ ತೀರ್ಮಾನವಾಗುತ್ತದೆ ಎಂಬಲ್ಲಿ ಅವು ಕವಲೊಡೆಯುತ್ತವೆ. ಅನಲಾಗ್ ಪದ್ಧತಿ ಹಳಿಯನ್ನು ಹಿಡಿತದಲ್ಲಿಡುತ್ತದೆ, ಡಿಜಿಟಲ್ ಪದ್ಧತಿ ಎಂಜಿನ್ನನ್ನು.

ಅನಲಾಗಿನ ಏರ್ಪಾಡು ಫ್ಯಾನಿನ ರೆಗ್ಯುಲೇಟರಿನಷ್ಟು ಸರಳ. ಕಂಟ್ರೋಲರಿನ ಗುಂಡಿ ತಿರುಗಿಸಿದಂತೆ ಹಳಿಯ ಮೇಲಿನ ನೇರ ವಿದ್ಯುತ್ತು ಸೊನ್ನೆಯಿಂದ ಸುಮಾರು 12 ವೋಲ್ಟಿನವರೆಗೆ ಏರುತ್ತದೆ. ವೋಲ್ಟೇಜು ಏರಿದಂತೆ ವೇಗವೂ ಏರುತ್ತದೆ. ಬಲಗಡೆಯ ಹಳಿ ಧನವಾಗಿದ್ದರೆ ಎಂಜಿನ್ನು ಮುಂದಕ್ಕೆ, ಋಣವಾಗಿದ್ದರೆ ಹಿಂದಕ್ಕೆ ಹೋಗುತ್ತದೆ. ಎಂಜಿನ್ನಿನಲ್ಲಿ ಯಾವ ವಿದ್ಯುನ್ಮಾನ ಉಪಕರಣವೂ ಬೇಕಿಲ್ಲ. ಕೆಟ್ಟರೆ ಮಲ್ಟಿಮೀಟರ್ ಹಿಡಿದು ಹತ್ತು ನಿಮಿಷದಲ್ಲಿ ದೋಷ ಹುಡುಕಬಹುದು. ಆದರೆ ದೀಪವೂ ಅದೇ ಕರೆಂಟಿನಿಂದ ಉರಿಯಬೇಕಾದ್ದರಿಂದ ರೈಲು ನಿಧಾನವಾದಾಗ ದೀಪ ಮಂಕಾಗುತ್ತದೆ, ನಿಲ್ದಾಣದಲ್ಲಿ ನಿಂತಾಗ ಆರಿಯೇ ಹೋಗುತ್ತದೆ.

ನಿಜವಾದ ತೊಡಕು ಎರಡನೆಯ ಎಂಜಿನ್ನು ಹಳಿ ಏರಿದಾಗ ಶುರು. ಹಳಿಯಲ್ಲಿ ಹರಿಯುವ ಕರೆಂಟಿಗೆ ಇದು ಪ್ಯಾಸೆಂಜರು, ಅದು ಗೂಡ್ಸು ಎಂಬ ಭೇದವಿಲ್ಲ. ಎರಡೂ ಒಟ್ಟಿಗೆ ಹೊರಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಇದಕ್ಕೆ ಹಿಂದಿನ ತಲೆಮಾರಿನ ಹವ್ಯಾಸಿಗಳು ಕಂಡುಕೊಂಡ ಉಪಾಯವೇ ಬ್ಲಾಕು. ಹಳಿಯನ್ನು ಅಲ್ಲಲ್ಲಿ ಕತ್ತರಿಸಿ, ವಿದ್ಯುತ್ತು ದಾಟದಂತೆ ಪ್ಲಾಸ್ಟಿಕ್ ಜೋಡಣೆ ಕೊಟ್ಟು, ಪ್ರತಿ ತುಂಡಿಗೂ ಪ್ರತ್ಯೇಕ ವೈರು ಮತ್ತು ಸ್ವಿಚ್ಚು ಅಳವಡಿಸುವುದು. ಸ್ವಿಚ್ಚನ್ನು ಒಂದು ಕಡೆಗೆ ಒತ್ತಿದರೆ ಆ ತುಂಡು ಮೊದಲ ಕಂಟ್ರೋಲರಿನ ವಶ, ಇನ್ನೊಂದು ಕಡೆಗೆ ಒತ್ತಿದರೆ ಎರಡನೆಯದರ ವಶ, ನಡುವೆ ನಿಲ್ಲಿಸಿದರೆ ಯಾರಿಗೂ ಇಲ್ಲ. ರೈಲು ಮುಂದೆ ಹೋದಂತೆ ಚಾಲಕ ಮುಂದಿನ ಬ್ಲಾಕನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾ, ಹಿಂದಿನದನ್ನು ಬಿಟ್ಟುಕೊಡುತ್ತಾ ಸಾಗಬೇಕು. ಒಂದು ಸ್ವಿಚ್ಚು ಮರೆತರೂ ಎಂಜಿನ್ನು ಗಡಿ ದಾಟಿದೊಡನೆ ಪಕ್ಕದವರ ಮಾತು ಕೇಳತೊಡಗುತ್ತದೆ. ಹತ್ತು ಬ್ಲಾಕು ದಾಟುವ ಹೊತ್ತಿಗೆ ರೈಲು ಓಡಿಸುವುದಕ್ಕಿಂತ ಸ್ವಿಚ್ಚು ಓಡಿಸುವುದೇ ದೊಡ್ಡ ಕೆಲಸವಾಗಿರುತ್ತದೆ.

ಎಂಜಿನ್ನಿಗೇ ನೇರವಾಗಿ ಆಜ್ಞೆ ಕೊಡುವ ಆಸೆ ಇಂದಿನದಲ್ಲ. 1960ರ ದಶಕದಲ್ಲೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಆಸ್ಟ್ರಾಕ್’ ಎಂಬ ಏರ್ಪಾಡಿನಲ್ಲಿ ಒಂದೇ ಹಳಿಯ ಮೇಲೆ ಐದು ಎಂಜಿನ್ನುಗಳನ್ನು ಬೇರೆಬೇರೆಯಾಗಿ ಓಡಿಸಿತ್ತು. 1980ರ ಹೊತ್ತಿಗೆ ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ‘ಝೀರೋ 1’ ಆ ಸಂಖ್ಯೆಯನ್ನು 16ಕ್ಕೆ ಏರಿಸಿತು. ಇವೆಲ್ಲ ತಮ್ಮತಮ್ಮ ಭಾಷೆ ಮಾತಾಡುತ್ತಿದ್ದವು. ಒಬ್ಬರ ಎಂಜಿನ್ನಿಗೆ ಇನ್ನೊಬ್ಬರ ಕಂಟ್ರೋಲರಿನ ಮಾತು ತಿಳಿಯುತ್ತಿರಲಿಲ್ಲ. ಜರ್ಮನಿಯ ಲೆನ್ಝ್ ಕಂಪನಿ ರೂಪಿಸಿದ ಪದ್ಧತಿಯನ್ನು ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ, ಅಂದರೆ ಎನ್‌ಎಂಆರ್‌ಎ, 1990ರ ದಶಕದಲ್ಲಿ ಎಲ್ಲರೂ ಬಳಸಬಹುದಾದ ಮಾನಕವಾಗಿ ಅಳವಡಿಸಿಕೊಂಡ ಮೇಲೆ ಚಿತ್ರ ಬದಲಾಯಿತು. ಆ ಮಾನಕದ ಹೆಸರು ಡಿಸಿಸಿ.

ಡಿಸಿಸಿಯಲ್ಲಿ ಹಳಿಯ ವೋಲ್ಟೇಜು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎಚ್‌ಒ ಹಳಿಯ ಮೇಲೆ ಸುಮಾರು 15 ವೋಲ್ಟು ಸದಾ ಇರುತ್ತದೆ. ಅದರ ಧನ ಮತ್ತು ಋಣ ಮಾತ್ರ ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತವೆ. ಸಂದೇಶ ಅಡಗಿರುವುದು ಈ ಅದಲುಬದಲಿನ ಲಯದಲ್ಲಿ. ಪ್ರತಿ ಅರ್ಧ ಅಲೆ 58 ಮೈಕ್ರೋಸೆಕೆಂಡು ನಿಂತರೆ ಅದು ‘ಒಂದು’. 100 ಮೈಕ್ರೋಸೆಕೆಂಡು ಅಥವಾ ಹೆಚ್ಚು ನಿಂತರೆ ‘ಸೊನ್ನೆ’. ಮೊದಲಿಗೆ ಕನಿಷ್ಠ 14 ‘ಒಂದು’ಗಳು ಸಾಲಾಗಿ ಬರುತ್ತವೆ, ‘ಮಾತು ಬರಲಿದೆ, ಕಿವಿಗೊಡಿ’ ಎಂದು ಕೂಗಿದಂತೆ. ಬಳಿಕ ಎಂಜಿನ್ನಿನ ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ತಪ್ಪು ಹಿಡಿಯಲು ಒಂದು ತಾಳೆಯ ಬೈಟ್. ಎಂಜಿನ್ನಿನೊಳಗೆ ಕೂತ ಡಿಕೋಡರ್ ಎಂಬ ಪುಟ್ಟ ಬಿಲ್ಲೆ ಎಲ್ಲ ಸಂದೇಶಗಳನ್ನೂ ಕೇಳಿಸಿಕೊಳ್ಳುತ್ತದೆ, ತನ್ನ ವಿಳಾಸಕ್ಕೆ ಬಂದದ್ದನ್ನು ಮಾತ್ರ ಪಾಲಿಸುತ್ತದೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಂದೇಶಗಳು ಹರಿಯುವುದರಿಂದ, ಹಳಿಯ ಮೇಲಿನ ಧೂಳಿನಿಂದ ಒಂದೆರಡು ಕೇಳಿಸದೆ ಹೋದರೂ ಮುಂದಿನದು ಆ ಕೊರತೆ ತುಂಬುತ್ತದೆ.

ಹಳಿಯಲ್ಲಿ ಕರೆಂಟು ಸದಾ ಇರುವುದರಿಂದ ನಿಂತ ಎಂಜಿನ್ನಿನ ದೀಪವೂ ಉರಿಯುತ್ತಿರುತ್ತದೆ, ಹಾರ್ನು ಕೂಗುತ್ತದೆ, ಡೀಸೆಲ್ ಎಂಜಿನ್ನು ಗುಡುಗುಡು ಎನ್ನುತ್ತಿರುತ್ತದೆ. ಮೋಟರು ಹಿಂದಕ್ಕೆ ಹುಟ್ಟಿಸುವ ವೋಲ್ಟೇಜನ್ನು ಅಳೆದು ಡಿಕೋಡರು ವೇಗವನ್ನು ಸರಿದೂಗಿಸುತ್ತದೆ. ಏರಿನಲ್ಲಿ ಏದುಸಿರು ಬಿಡುವುದಿಲ್ಲ, ಇಳಿಜಾರಿನಲ್ಲಿ ಓಟ ಕೀಳುವುದಿಲ್ಲ. ಹೊಸ ಡಿಕೋಡರುಗಳೆಲ್ಲ ಸಾಮಾನ್ಯವಾಗಿ 3ನೇ ವಿಳಾಸದೊಂದಿಗೆ ಬರುತ್ತವೆ. ಪೆಟ್ಟಿಗೆಯಿಂದ ತೆಗೆದ ಎರಡು ಹೊಸ ಎಂಜಿನ್ನುಗಳನ್ನು ಹಾಗೆಯೇ ಹಳಿಗೆ ಏರಿಸಿದರೆ ಎರಡೂ ಒಟ್ಟಿಗೆ ಹೊರಟು, ಕೊಟ್ಟ ದುಡ್ಡೆಲ್ಲ ಅನಲಾಗಿಗೇ ಹೋಯಿತೇ ಎನಿಸುವುದುಂಟು. ವಿಳಾಸ ಬದಲಿಸಿದರೆ ಸರಿಹೋಗುತ್ತದೆ.

ಡಿಜಿಟಲಿಗೆ ಎರಡೇ ವೈರು ಸಾಕು ಎಂಬ ಮಾತು ಅಂಗಡಿಯವರ ಬಾಯಲ್ಲಿ ಹೆಚ್ಚು. ಮಂಚದಷ್ಟಗಲದ ಹಲಗೆಯ ಮಟ್ಟಿಗೆ ಅದು ನಿಜ. ಕೋಣೆ ಸುತ್ತುವ ಲೇಔಟಿಗೆ ಮೇಜಿನಡಿಯಲ್ಲಿ ದಪ್ಪ ವೈರಿನ ಜೋಡಿ ಹಾಯಿಸಿ, ಅಲ್ಲಿಂದ ಒಂದೆರಡು ಮೀಟರಿಗೊಮ್ಮೆ ಹಳಿಗೆ ಬೆಸುಗೆ ಹಾಕಬೇಕು. ಕಾರಣ ಸುರಕ್ಷತೆ. ಡಿಸಿಸಿಯಲ್ಲಿ ಹಳಿಗೆ ಕರೆಂಟು ಒದಗಿಸುವ ಪೆಟ್ಟಿಗೆಯೇ ಬೂಸ್ಟರು. 5 ಆಂಪಿಯರ್ ಕೊಡುವ ಬೂಸ್ಟರು 15 ವೋಲ್ಟಿನಲ್ಲಿ 75 ವಾಟ್ ಹರಿಸಬಲ್ಲದು. ಹಳಿ ತಪ್ಪಿದ ಚಕ್ರದ ಬಳಿ ಶಾರ್ಟ್ ಆದಾಗ ತೆಳು ಹಳಿಯ ರೋಧದಿಂದಾಗಿ ಬೂಸ್ಟರಿಗೆ ಅದು ತಿಳಿಯದಿದ್ದರೆ, ಆ ಶಕ್ತಿಯೆಲ್ಲ ಚಕ್ರದ ಸುತ್ತಲಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಪರೀಕ್ಷೆ ಸುಲಭ: ಲೇಔಟಿನ ಮೂಲೆಮೂಲೆಯಲ್ಲೂ ಎರಡು ಹಳಿಗಳ ಮೇಲೆ ಅಡ್ಡಲಾಗಿ ನಾಣ್ಯವೊಂದನ್ನು ಇಡುವುದು. ತಕ್ಷಣ ಕರೆಂಟು ಕಡಿತವಾದರೆ ವೈರಿಂಗು ಸರಿಯಿದೆ.

ಹಳೆಯ ಎಂಜಿನ್ನುಗಳ ಮಾಲೀಕರಿಗೆ ಪ್ರಶ್ನೆ ಹೆಚ್ಚು ಬಿಗಿಯಾದದ್ದು. ಈಚಿನ ಎಂಜಿನ್ನುಗಳಲ್ಲಿ ಡಿಕೋಡರಿಗೆಂದೇ 8 ಅಥವಾ 21 ಪಿನ್ನಿನ ಸಾಕೆಟ್ ಇರುತ್ತದೆ. ಮೇಲುಹೊದಿಕೆ ತೆಗೆದು ಸಿಕ್ಕಿಸಿದರೆ ಮುಗಿಯಿತು. ಹಳೆಯವುಗಳಲ್ಲಿ ಮೋಟರಿನ ಒಂದು ಬ್ರಷ್ಷು ಲೋಹದ ಚೌಕಟ್ಟಿಗೇ ತಾಗಿರುವುದುಂಟು, ಚೌಕಟ್ಟು ಹಳಿಯ ಕರೆಂಟಿಗೆ. ಹಾಗೆಯೇ ಡಿಕೋಡರ್ ಜೋಡಿಸಿದರೆ ಮೊದಲ ಕ್ಷಣದಲ್ಲೇ ಅದು ಸುಟ್ಟುಹೋಗುತ್ತದೆ. ಮೋಟರಿನ ಎರಡೂ ತುದಿಗಳನ್ನು ಚೌಕಟ್ಟಿನಿಂದ ಬೇರ್ಪಡಿಸಿ, ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕೆಂಪು, ಕಪ್ಪು ವೈರುಗಳು ಹಳಿಯ ಕಡೆಗೆ, ಕಿತ್ತಳೆ, ಬೂದು ವೈರುಗಳು ಮೋಟರಿಗೆ. ಡಿಕೋಡರ್ ಇಲ್ಲದ ಎಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ಸುಮ್ಮನೆ ನಿಲ್ಲಿಸುವುದೂ ಕ್ಷೇಮವಲ್ಲ. ಅದಲುಬದಲಾಗುವ ಕರೆಂಟಿಗೆ ಮೋಟರು ನಿಂತಲ್ಲೇ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಒಳಗೆ ಕಬ್ಬಿಣದ ತಿರುಳಿಲ್ಲದ ಬಗೆಯ ಮೋಟರಾದರೆ ಬೇಗ ಹಾಳಾಗುತ್ತದೆ.

ಆಯ್ಕೆಗೆ ಲೇಔಟಿನ ಉದ್ದಗಲಕ್ಕಿಂತ ಒಳ್ಳೆಯ ಅಳತೆಗೋಲು, ಒಂದೇ ಹೊತ್ತಿಗೆ ಎಷ್ಟು ರೈಲು ಓಡಬೇಕು, ಎಷ್ಟು ಜನ ಓಡಿಸಬೇಕು ಎಂಬುದು. ಒಂಟಿ ಹವ್ಯಾಸಿಯ ಒಂದು ಸುತ್ತಿನ ಹಳಿಗೆ, ಸೈಡಿಂಗಿನಲ್ಲಿ ನಾಲ್ಕು ಎಂಜಿನ್ನು ನಿಂತಿದ್ದರೂ, ಅನಲಾಗೇ ಅಗ್ಗ ಮತ್ತು ನೆಮ್ಮದಿ. ನಲವತ್ತು ಹಳೆಯ ಎಂಜಿನ್ನುಗಳ ಸಂಗ್ರಹವಿದ್ದವರಿಗೂ ನಲವತ್ತು ಡಿಕೋಡರುಗಳ ಖರ್ಚು ಸುಲಭದ್ದಲ್ಲ. ಇಬ್ಬರು ಮೂವರು ಸೇರಿ ಶಂಟಿಂಗ್ ಮಾಡುವ ಲೇಔಟಿಗೆ, ಎಷ್ಟೇ ಚಿಕ್ಕದಾಗಿರಲಿ, ಡಿಜಿಟಲ್ ಬೇಕು. 2001ರಲ್ಲಿ ಹ್ಯಾಂಬರ್ಗಿನಲ್ಲಿ ತೆರೆದ ಮಾದರಿ ರೈಲು ಪ್ರದರ್ಶನ ‘ಮಿನಿಯಾಟೂರ್ ವುಂಡರ್‌ಲಾಂಡ್’ನಲ್ಲಿ ನೂರಾರು ರೈಲುಗಳು ಕಂಪ್ಯೂಟರಿನ ಕಣ್ಗಾವಲಿನಲ್ಲಿ ಓಡುತ್ತವೆ, ಅಷ್ಟು ರೈಲುಗಳಿಗೆ ಕೈಯಿಂದ ಸ್ವಿಚ್ಚು ಒತ್ತುತ್ತಾ ಕೂರುವುದು ಊಹೆಗೂ ನಿಲುಕದ್ದು.

ಒಮ್ಮೆಗೇ ಬದಲಾಗಲು ಮನಸ್ಸಿಲ್ಲದವರು ಹಳೆಯ ಬ್ಲಾಕ್ ವೈರಿಂಗನ್ನು ಕಿತ್ತುಹಾಕಬೇಕಿಲ್ಲ. ಎಲ್ಲ ಸ್ವಿಚ್ಚುಗಳನ್ನೂ ಒಂದೇ ಕಡೆಗೆ ಒತ್ತಿ, ಆ ಕಡೆಯ ಕಂಟ್ರೋಲರಿನ ಜಾಗದಲ್ಲಿ ಡಿಸಿಸಿ ಬೂಸ್ಟರನ್ನು ಕೂರಿಸಿದರೆ ಅದೇ ಹಳಿ ಡಿಜಿಟಲ್ ಆಗುತ್ತದೆ. ಅರ್ಧ ಲೇಔಟು ಅನಲಾಗ್, ಉಳಿದರ್ಧ ಡಿಜಿಟಲ್ ಎಂಬ ಏರ್ಪಾಡು ಮಾತ್ರ ಕೂಡದು. ಗಡಿ ದಾಟುವ ಎಂಜಿನ್ನಿನ ಮುಂದಿನ ಚಕ್ರಗಳು ಒಂದು ಬದಿಯಲ್ಲಿ, ಹಿಂದಿನವು ಇನ್ನೊಂದು ಬದಿಯಲ್ಲಿರುವ ಕ್ಷಣದಲ್ಲಿ ಎರಡು ಪದ್ಧತಿಗಳ ಕರೆಂಟು ಒಂದಕ್ಕೊಂದು ತಾಗುತ್ತದೆ. ಬೂಸ್ಟರು ಹೋಗಬಹುದು, ಹಳೆಯ ಕಂಟ್ರೋಲರೂ ಹೋಗಬಹುದು. ಎರಡನ್ನೂ ಇಟ್ಟುಕೊಳ್ಳುವುದಾದರೆ ಲೇಔಟು ಪೂರ್ತಿಗೆ ಒಂದೇ ದೊಡ್ಡ ಸ್ವಿಚ್ಚು ಇರಬೇಕು. ಅದು ಒಂದು ಬದಿಗೆ ಅನಲಾಗನ್ನೂ ಇನ್ನೊಂದು ಬದಿಗೆ ಡಿಜಿಟಲನ್ನೂ ಕೊಟ್ಟು, ನಡುವೆ ನಿಂತಾಗ ಎರಡನ್ನೂ ಕಡಿದುಹಾಕುವಂಥದ್ದಾಗಿರಬೇಕು. ಸ್ವಿಚ್ಚು ಬದಲಿಸುವ ಮುನ್ನ ಡಿಕೋಡರ್ ಇಲ್ಲದ ಎಂಜಿನ್ನುಗಳು ಹಳಿಯಿಂದ ಇಳಿದಿರಬೇಕು.