ಎಮ್ಮೆಯ ತೂಕ ಯಾರ ಕಣ್ಣಲ್ಲಿ?

ಶಿವಾಜಿನಗರದ ಬೀಫ್ ಮಾರ್ಕೆಟ್ ನಮ್ಮವರಿಗೆ ಹೊಸತಲ್ಲ. ಊರಿಂದ ಬಂದು ಹೋಟೆಲು, ಬೇಕರಿ, ಅಂಗಡಿ ಅಂತ ಬೆಂಗಳೂರಲ್ಲೇ ನೆಲೆ ನಿಂತ ಬ್ಯಾರಿ ಕುಟುಂಬಗಳು ಹಲಸೂರಲ್ಲಿರಲಿ, ಇಂದಿರಾನಗರದಲ್ಲಿರಲಿ, ಕೆ.ಆರ್.ಪುರಂ ಆಚೆಗಿರಲಿ, ನೆಂಟರು ಬರ್ತಾರೆ ಅಂದ್ರೆ ರಸೆಲ್ ಮಾರ್ಕೆಟ್ ಕಡೆಗೊಂದು ಸುತ್ತು ಹಾಕದೆ ಇರುವುದಿಲ್ಲ. ಪುಂಡಿ ಬೇಯಿಸಿದ ಮೇಲೆ ಅದಕ್ಕೊಂದು ಗಟ್ಟಿ ಸಾರು ಬೇಕಲ್ಲ! ಅಲ್ಲಿ ಹೋಗಿ ನಾವು ಕೇಳುವುದು ಒಂದೇ ಪ್ರಶ್ನೆ: ಇವತ್ತು ಕಿಲೋಗೆ ಎಷ್ಟು? ದರ ಏರಿದ್ದರೆ ಅಂಗಡಿಯವರ ಮೇಲೆ ಗೊಣಗಿ, ಚೀಲ ಹಿಡಿದು ಮನೆಗೆ ಬರುತ್ತೇವೆ. ನಾವು ಕೊಟ್ಟ ದುಡ್ಡಲ್ಲಿ ಆ ಎಮ್ಮೆಯನ್ನು ಹತ್ತಾರು ವರ್ಷ ಸಾಕಿದ ರೈತನಿಗೆ ಎಷ್ಟು ಹೋಯಿತು ಅಂತ ಕೇಳಿದವರು ಕಡಿಮೆ. ಈ ವಾರ ಅದನ್ನೇ ಸ್ವಲ್ಪ ನೋಡೋಣ.

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಒಬ್ಬ ಸಾಮಾನ್ಯ ರೈತನನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹಾಲು ಹಿಡಿದು ಡೇರಿಗೆ ಹೋಗ್ತಾನೆ. ಅಲ್ಲಿ ಹಾಲನ್ನು ಅಳೆಯುತ್ತಾರೆ, ಕೊಬ್ಬು ಎಷ್ಟು, ಕೊಬ್ಬೇತರ ಘನ ಎಷ್ಟು ಎಂದು ಪರೀಕ್ಷೆ ಮಾಡುತ್ತಾರೆ. ದರ ಮೊದಲೇ ಗೊತ್ತು. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಕಡಿಮೆ ಬಂತು ಅಂದ್ರೆ ಜಗಳ ಮಾಡಲಿಕ್ಕೆ ಒಂದು ಸಂಘ ಇದೆ, ಒಂದು ಒಕ್ಕೂಟ ಇದೆ. ಅದೇ ರೈತ ಹಾಲು ಬತ್ತಿದ ಎಮ್ಮೆಯನ್ನು ಹಿಡ್ಕೊಂಡು ಸಂತೆಗೆ ಹೋದರೆ? ತಕ್ಕಡಿಯೇ ಇಲ್ಲ. ದಲ್ಲಾಳಿ ಬಂದು ಬೆನ್ನು ತಟ್ಟಿ, ಪಕ್ಕೆ ಮುಟ್ಟಿ, ಹಲ್ಲು ನೋಡಿ, ಕಣ್ಣಲ್ಲೇ ತೂಗಿ ಬಿಡ್ತಾನೆ. ಹಳೆಯ ಸಂತೆಗಳಲ್ಲಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ದರ ಮಾತಾಡುವ ಪದ್ಧತಿ ಇದೆಯಲ್ಲ, ಅದರ ಅರ್ಥವೇ ಪಕ್ಕದವನಿಗೆ ದರ ಗೊತ್ತಾಗಬಾರದು ಅಂತ. ಗೊತ್ತಾಗದೇ ಇದ್ದರೆ ಯಾರಿಗೆ ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಹೀಗಿದೆ. ಜೀವಂತ 350 ಕಿಲೋ ತೂಗುವ ಎಮ್ಮೆಯಲ್ಲಿ ತಲೆ, ಚರ್ಮ, ಒಳಭಾಗ ತೆಗೆದರೆ ಉಳಿಯುವುದು ಹೆಚ್ಚು ಕಡಿಮೆ ಅರ್ಧ. ಅದರಲ್ಲಿ ಮೂಳೆ ಕಳೆದರೆ ಬರೀ ಮಾಂಸ ಇನ್ನೂ ಕಡಿಮೆ. ಆದರೆ ಕಳೆದದ್ದು ಯಾವುದೂ ಕಸಕ್ಕೆ ಹೋಗುವುದಿಲ್ಲ. ಬೋಟಿ, ಕಲೇಜಿ, ಪಾಯ, ನಲ್ಲಿ ಎಲ್ಲಕ್ಕೂ ಗಿರಾಕಿ ಇದ್ದಾರೆ. ರಂಝಾನಿನಲ್ಲಂತೂ ಹೇಳುವುದೇ ಬೇಡ. ಚರ್ಮ ತಮಿಳುನಾಡಿನ ವಾಣಿಯಂಬಾಡಿ, ಆಂಬೂರಿನಂಥ ಊರುಗಳ ದಾರಿ ಹಿಡಿಯುತ್ತದೆ. ಅದಕ್ಕೆ ಒಂದು ಕಾಲದಲ್ಲಿದ್ದ ಬೆಲೆ ಈಗಿಲ್ಲ, ಆದರೂ ದುಡ್ಡು ದುಡ್ಡೇ. ಸಂತೆಯಲ್ಲಿ ಕಣ್ಣಳತೆ 40 ಕಿಲೋ ತಪ್ಪಿದರೆ 20 ಕಿಲೋ ಮಾಲು ರೈತನ ಲೆಕ್ಕದಿಂದ ಜಾರಿತು. ದಲ್ಲಾಳಿಯ ಕಣ್ಣು ತಪ್ಪುವುದು ಅಪರೂಪ. ತಪ್ಪಿದರೂ ತನ್ನ ಕಡೆಗೇ ತಪ್ಪುತ್ತದೆ.

ಹಾಗಂತ ಎಲ್ಲ ದಲ್ಲಾಳಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. 1964ರ ರಾಜ್ಯ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ, ಕೋಣಗಳನ್ನು ಪ್ರಮಾಣಪತ್ರ ಪಡೆದು ಕಡಿಯಲು ಅವಕಾಶವಿತ್ತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಂದು ಮುಂದಿನ ತಿಂಗಳು ವಿಧಾನ ಪರಿಷತ್ತಿನಲ್ಲೂ ಪಾಸಾದ ಹೊಸ ಕಾಯ್ದೆಯಲ್ಲಿ ಎತ್ತು, ಹೋರಿಗಳ ಬಾಗಿಲು ಮುಚ್ಚಿತು. ಉಳಿದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಅದಕ್ಕೂ ಪ್ರಮಾಣಪತ್ರ ಬೇಕು, ನಿಗದಿತ ಕಸಾಯಿಖಾನೆಯೇ ಬೇಕು. ಶಿಕ್ಷೆ 3ರಿಂದ 7 ವರ್ಷ ಜೈಲು, ದಂಡ ಮೊದಲ ಸಲವೇ 50 ಸಾವಿರದಿಂದ 5 ಲಕ್ಷದವರೆಗೆ. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ ದಿನಕ್ಕಿರಲಿ. ಬೆಲೆಯ ಮಟ್ಟಿಗೆ ಆದದ್ದೇನು? ಕಾನೂನು ಒಪ್ಪುವ ಪ್ರಾಣಿ ಅಂದ್ರೆ ಅತಿ ಮುದಿಯಾದ, ಮಾಂಸ ಬಿರುಸಾದ, ಸಂತೆಯಲ್ಲಿ ಅತಿ ಕಡಿಮೆ ದರ ಹುಟ್ಟುವ ಪ್ರಾಣಿ. ಗಂಡು ಕರು ಹುಟ್ಟಿದರೆ ರೈತ 13 ವರ್ಷ ಕಾಯಬೇಕು. ದಾರಿಯಲ್ಲಿ ಗಾಡಿ ತಡೆದಾರು, ಜಪ್ತಿ ಆದೀತು, ಹೊಡೆದಾರು ಎಂಬ ಭಯಕ್ಕೂ ಒಂದು ಬೆಲೆ ಇದೆ. ವ್ಯಾಪಾರಿ ಆ ಬೆಲೆಯನ್ನು ಒಂದು ಕಡೆ ರೈತನಿಗೆ ಕೊಡುವ ದುಡ್ಡಲ್ಲಿ ಕಳೆಯುತ್ತಾನೆ, ಇನ್ನೊಂದು ಕಡೆ ನಮ್ಮ ಕಿಲೋ ದರಕ್ಕೆ ಕೂಡಿಸುತ್ತಾನೆ. ಶಿವಾಜಿನಗರದಲ್ಲಿ ಮಾಂಸ ತುಟ್ಟಿಯಾಗಿಯೂ ಹಳ್ಳಿಯಲ್ಲಿ ಎಮ್ಮೆ ಅಗ್ಗವಾಗಿಯೇ ಉಳಿಯುವ ಗುಟ್ಟು ಇದೇ.

ಮಾರದ ಪ್ರಾಣಿಯನ್ನು ಕಟ್ಟಿಕೊಂಡಿರುವ ಖರ್ಚು ಎಷ್ಟು ಅಂತ ಸರ್ಕಾರವೇ ಒಂದು ಲೆಕ್ಕ ಕೊಟ್ಟಿದೆ. 2022ರಲ್ಲಿ ಶುರುವಾದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ರಾಸನ್ನು ಒಂದು ವರ್ಷ ದತ್ತು ಪಡೆಯಲು 11,000 ರೂಪಾಯಿ. ಒಂದು ದಿನದ ಮೇವು ಕೊಡುವವರಿಗೆ 70 ರೂಪಾಯಿ. 70ರ ಲೆಕ್ಕ ಹಿಡಿದರೆ ವರ್ಷಕ್ಕೆ 25,550 ಆಯಿತು. ಗೋಶಾಲೆಗೆ ದಾನಿಗಳಿದ್ದಾರೆ. ರೈತನ ಕೊಟ್ಟಿಗೆಗೆ ಯಾರಿದ್ದಾರೆ?

ಇದು ನಮ್ಮಲ್ಲಿ ಮಾತ್ರ ಇರುವ ಗೋಳಲ್ಲ. ಐರ್ಲೆಂಡಿನಲ್ಲಿ ಇಂಥ ಯಾವ ನಿಷೇಧವೂ ಇಲ್ಲ. ಅಲ್ಲಿ ಪ್ರತಿ ಪ್ರಾಣಿಯ ಮಾಂಸವನ್ನು ತೂಗಿ, ದರ್ಜೆ ಹಾಕಿಯೇ ದುಡ್ಡು ಕೊಡುತ್ತಾರೆ. ಆದರೂ 2019ರಲ್ಲಿ ಬೀಫ್ ರೈತರು ವಾರಗಟ್ಟಲೆ ಮಾಂಸ ಕಾರ್ಖಾನೆಗಳ ಗೇಟಿನಲ್ಲಿ ಕೂತರು. ಅಂಗಡಿ ದರದಲ್ಲಿ ನಮ್ಮ ಪಾಲು ಎಷ್ಟು ಎಂಬುದೇ ಅವರ ಪ್ರಶ್ನೆ. ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. ಆಹಾರ ಸರಪಳಿಯ ದರಗಳ ಮೇಲೆ ಕಣ್ಣಿಡಲು 2023ರ ಕೊನೆಗೆ ಒಂದು ಪ್ರತ್ಯೇಕ ನಿಯಂತ್ರಣ ಸಂಸ್ಥೆಯೂ ಬಂತು. ಅಂದ್ರೆ ತಕ್ಕಡಿ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ನಮ್ಮಲ್ಲಿ ಆ ತಕ್ಕಡಿಯೂ ಇಲ್ಲವಲ್ಲ, ಅದು ಸಂಕಟ.

ತಕ್ಕಡಿ ಇಲ್ಲದಲ್ಲಿ ಒಂದು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸರಿಸುಮಾರು ಕಿಲೋ ಸಿಗುತ್ತದೆ. ಸುತ್ತಳತೆ 70, ಉದ್ದ 55 ಇದ್ದರೆ 408 ಕಿಲೋ. ಕರಾರುವಾಕ್ಕಲ್ಲ, ಆದರೆ ದಲ್ಲಾಳಿ 330 ಅಂದ್ರೆ ಎದುರು ಮಾತಾಡಲು ಧೈರ್ಯ ಬರುತ್ತದೆ. ಊರಲ್ಲಿ ಎಮ್ಮೆ ಕಟ್ಟಿದ ಮನೆಗಳು ನಮ್ಮಲ್ಲೂ ಇವೆ. ಅವರಿಗೆ ಇದನ್ನು ಹೇಳಿ. ಜೊತೆಗೆ ಪಶು ಇಲಾಖೆಯವರು ಕಿವಿಗೆ ಹಾಕುವ 12 ಅಂಕಿಯ ಹಳದಿ ಟ್ಯಾಗನ್ನು ಕಿತ್ತು ಬಿಸಾಡಬೇಡಿ. ಕರು ಇರುವಾಗಲೇ ಟ್ಯಾಗ್ ಹಾಕಿಸಿ ವಯಸ್ಸು ಸರಿಯಾಗಿ ಬರೆಸಿಟ್ಟರೆ, ಮುಂದೆ 13 ವರ್ಷ ಆಯಿತೋ ಇಲ್ಲವೋ ಎಂಬ ತಕರಾರು ಬಂದಾಗ ತೋರಿಸಲು ಹಲ್ಲಿಗಿಂತ ಗಟ್ಟಿ ದಾಖಲೆ ಕೈಯಲ್ಲಿರುತ್ತದೆ.